ಗಟ್ಟಿಮೇಳದ ನಡುವೆ ಅಣ್ಣ ಬಿಟ್ಟ ಜಾಗ

ನಮ್ಮಣ್ಣ ಕೀಬೋರ್ಡ್ ನುಡಿಸುವಾಗ ಯಾರೂ ಅದನ್ನು ಕೇಳುತ್ತಿರಲಿಲ್ಲ. ಇದು ನನ್ನ ದೂರಲ್ಲ, ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ತೊಂಬತ್ತರ ದಶಕದಲ್ಲಿ ನಂಜನಗೂಡು, ನರಸೀಪುರಗಳ ಕಲ್ಯಾಣ ಮಂಟಪಗಳಲ್ಲಿ ಮದುವೆಯ ಹಿಂದಿನ ಸಂಜೆ ಆರತಕ್ಷತೆ ಇಟ್ಟುಕೊಂಡಾಗ, ವೇದಿಕೆಯ ಪಕ್ಕದಲ್ಲಿ ಬಾಡಿಗೆ ಹೂಕುಂಡಗಳ ಹಿಂದೆ ಕುಳಿತು ನುಡಿಸಲು ಅವನನ್ನು ಕರೆಯುತ್ತಿದ್ದರು. ಮುಂದೆ ಮುಯ್ಯಿಯ ಕವರು ಹಿಡಿದವರ ಸಾಲು ಹರಿಯುತ್ತಿತ್ತು, ಫೋಟೋದವನು ಎಲ್ಲರನ್ನೂ ಒತ್ತಿ ನಿಲ್ಲಿಸುತ್ತಿದ್ದ, ಆಚೆ ಊಟದ ಹಾಲಿನಲ್ಲಿ ಎಲೆ ಹಾಕುತ್ತಿದ್ದರು. ಇಷ್ಟರ ನಡುವೆ ಅಣ್ಣ ಎರಡು ಸ್ವರ ನುಡಿಸಿ, ಒಂದು ಉಸಿರಿನಷ್ಟು ಜಾಗ ಬಿಟ್ಟು, ಇನ್ನೊಂದು ಸ್ವರ ನುಡಿಸುತ್ತಿದ್ದ.

"ಸಂಗೀತ ಅಂದ್ರೆ ಸಾರಿಗೆ ಹಾಕಿದ ಉಪ್ಪಿನ ಹಾಗಿರಬೇಕು ಕಣೆ. ಇದೆ ಅಂತ ಯಾರಿಗಾದ್ರೂ ಗೊತ್ತಾಯ್ತು ಅಂದ್ರೆ ಜಾಸ್ತಿ ಆಗಿದೆ ಅಂತ ಅರ್ಥ" ಎನ್ನುತ್ತಿದ್ದ.

ಈ ಲೆಕ್ಕದಲ್ಲಿ ಅವನ ಸಂಗೀತ ಎಂದೂ ಜಾಸ್ತಿಯಾಗಲಿಲ್ಲ. ಮದುವೆ ಮನೆಯವರು ಮಾರನೆಯ ದಿನ ಸಿಕ್ಕರೆ "ನಿನ್ನೆ ನಿಮ್ಮಿಂದ ಏನೂ ತೊಂದ್ರೆ ಆಗ್ಲಿಲ್ಲ ಸಾ" ಎಂದು ಕೈ ಮುಗಿಯುತ್ತಿದ್ದರು. ಅಣ್ಣ ಅದನ್ನು ಪ್ರಶಸ್ತಿ ತೆಗೆದುಕೊಂಡವರ ಹಾಗೆ ತಲೆಬಾಗಿ ಸ್ವೀಕರಿಸುತ್ತಿದ್ದ.

ಅಣ್ಣನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಅಲ್ಲಿಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ತಿಂಗಳುಗಟ್ಟಲೆ ಗೆಸ್ಟ್‌ಹೌಸಿನಲ್ಲಿದ್ದು, ಅಲ್ಲಿಯ ಖಾರಕ್ಕೆ ಹೊಟ್ಟೆ ಕೆಡಿಸಿಕೊಂಡು, ನಮ್ಮವ್ವ ಡಬ್ಬಿಯಲ್ಲಿ ಕಳಿಸುತ್ತಿದ್ದ ಮೊಸರನ್ನದಿಂದ ಚೇತರಿಸಿಕೊಂಡಿದ್ದ. ಹೊರಡುವಾಗ ಆ ಉಪಕಾರಕ್ಕೆ ತನ್ನ ಕೀಬೋರ್ಡನ್ನೂ ಒಂದು ಚೀಲದ ತುಂಬ ಕ್ಯಾಸೆಟ್ಟುಗಳನ್ನೂ ಅಣ್ಣನ ಕೈಗಿಟ್ಟ. ಕ್ಯಾಸೆಟ್ಟುಗಳಲ್ಲಿ ಇದ್ದದ್ದೆಲ್ಲ ಜಾಝ್ ಪಿಯಾನೋ. ಜಾಝ್ ಎಂದರೇನೆಂದು ನಮ್ಮ ಪೇಟೆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಒಂದು ಹಾಡನ್ನು ಹಿಡಿದು, ಅದನ್ನು ಕೈಬಿಟ್ಟು, ಎಲ್ಲೆಲ್ಲೋ ಅಲೆದು, ಕೊನೆಗೆ ಅದೇ ಹಾಡಿಗೆ ಬಂದು ಸೇರುವ ವಿದ್ಯೆ ಎಂದು ಕೇಳಿ ಕೇಳಿ ನಾವೇ ಅರ್ಥ ಮಾಡಿಕೊಂಡೆವು. ಅಪ್ಪ ಬೆಲ್ಲ, ಹುಣಸೆಹಣ್ಣಿನ ಅಂಗಡಿ ಮುಚ್ಚಿ ಬಂದು ಊಟಕ್ಕೆ ಕೂತಾಗ ಈ ಸಂಗೀತ ಕೇಳಿಸಿದರೆ, "ಇವನ್ಗೆ ಹಾಡು ಮರ್ತೋಯ್ತಾ ಏನ್ಲಾ?" ಎಂದು ಅಣ್ಣನನ್ನು ವಿಚಾರಿಸುತ್ತಿದ್ದರು.

ಆ ಚೀಲದಲ್ಲಿ ಒಂದು ಬಿಳಿ ಕ್ಯಾಸೆಟ್ಟು, ಒಂದು ಹಸಿರು ಕ್ಯಾಸೆಟ್ಟು ಇದ್ದವು. ಬಿಳಿಯದರಲ್ಲಿ ನುಡಿಸುವವನು ಸ್ವರಗಳನ್ನು ಅಳೆದು ತೂಗಿ ಬಳಸುತ್ತಿದ್ದ, ನಡುನಡುವೆ ಸುಮ್ಮನಿರುತ್ತಿದ್ದ. ಅಣ್ಣ ಅದಕ್ಕೆ ಮಾರುಹೋದ. ಹಸಿರಿನಲ್ಲಿ ಇದ್ದವನು ನುಡಿಸುತ್ತಲೇ ಗುರುಗುಟ್ಟುತ್ತಿದ್ದ. ಕೈ ತಪ್ಪಿ ಒಂದು ಅಡ್ಡ ಸ್ವರ ಬಿದ್ದರೆ ನಾಚಿಕೊಳ್ಳುತ್ತಿರಲಿಲ್ಲ. ಅದನ್ನೇ ಇನ್ನೊಮ್ಮೆ, ಮತ್ತಷ್ಟು ಜೋರಾಗಿ ಹೊಡೆಯುತ್ತಿದ್ದ. ಮೂರನೆಯ ಸಲ ಹೊಡೆಯುವಾಗ ಅದು ತಪ್ಪು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ಇಡೀ ಹಾಡೇ ಅದರ ಕಡೆಗೆ ವಾಲಿಕೊಳ್ಳುತ್ತಿತ್ತು. ನನಗೆ ಮೈ ಜುಮ್ಮೆನ್ನುತ್ತಿತ್ತು. ನಾನು ಹಸಿರಿನ ಕಡೆಯವಳಾದೆ.

"ತಪ್ಪು ಸ್ವರಾನ ಇನ್ನೊಂದ್ಸಲ ಒತ್ತಿದ್ರೆ ಅದು ಸರಿ ಆಗಲ್ಲ, ಎರಡು ತಪ್ಪಾಗುತ್ತೆ" ಎಂದು ಅಣ್ಣ ತೀರ್ಪು ಕೊಟ್ಟ.

"ಮತ್ತೆ ಅಷ್ಟು ದೊಡ್ಡವರು ಒತ್ತಿದ್ದಾರಲ್ಲ?"

"ಅವರು ನಾಳೆ ಬೆಳಗ್ಗೆ ನಂಜನಗೂಡು ಪೇಟೇಲಿ ತಲೆ ಎತ್ಕೊಂಡು ಓಡಾಡಬೇಕಾಗಿಲ್ಲ ಕಣೆ."

ಅಣ್ಣನ ಅಭಿರುಚಿ ಸಂಗೀತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಬದನವಾಳಿನ ಖಾದಿ ಬಟ್ಟೆ ತರಿಸಿ ಜುಬ್ಬ ಹೊಲಿಸಿಕೊಳ್ಳುತ್ತಿದ್ದ, ರೇಷ್ಮೆ ಉಟ್ಟವರನ್ನು ಕನಿಕರದಿಂದ ನೋಡುತ್ತಿದ್ದ. ಹುಡುಗಿ ನೋಡಲು ಹೋದ ಮನೆಯಲ್ಲಿ ಗೋಡೆ ತುಂಬ ಕ್ಯಾಲೆಂಡರು ನೇತುಹಾಕಿದ್ದಾರೆಂದು ಸಂಬಂಧ ಬೇಡವೆಂದಿದ್ದ. ಆಮೇಲೆ ಒಂದೇ ಕ್ಯಾಲೆಂಡರಿನ ಮನೆಯಿಂದ ನಮ್ಮತ್ತಿಗೆ ಬಂದರು.

ಒಮ್ಮೆ ಅವನಿಗೆ ಮಂಗನಬಾವು ಬಂದು ಎರಡೂ ಕೆನ್ನೆ ಊದಿಕೊಂಡವು. ಆ ಮುಖ ಹೊತ್ತು ಹೂಕುಂಡದ ಹಿಂದೆ ಕೂರುವುದೂ ಅವನ ಅಭಿರುಚಿಗೆ ಒಪ್ಪಲಿಲ್ಲ. ಅದೇ ಸಂಜೆ ನರಸೀಪುರದಲ್ಲಿ ಒಂದು ಆರತಕ್ಷತೆ ಒಪ್ಪಿಕೊಂಡಾಗಿತ್ತು. ಬೇರೆ ದಾರಿ ಇಲ್ಲದೆ, ತನ್ನನ್ನು ನೋಡಿಯೇ ಕೀಬೋರ್ಡ್ ಕಲಿತಿದ್ದ ನನ್ನನ್ನು ಕಳಿಸಿದ. "ಬರೀ ದೇವರನಾಮ ನುಡಿಸು. ಬಲಗೈ ಮಾತ್ರ ಓಡಲಿ, ಎಡಗೈಯನ್ನ ಕಟ್ಟಿ ಹಾಕಿದೀನಿ ಅಂದ್ಕೊ" ಎಂದು ಊದಿದ ಬಾಯಲ್ಲೇ ಬುದ್ಧಿ ಹೇಳಿದ. ನಾನು ಆಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಜೊತೆಗೆ ಅವ್ವ ಬಂದಳು.

ಅಲ್ಲಿ ಅಣ್ಣನಿಗೆ ಯಾವಾಗಲೂ ಜೊತೆ ಕೊಡುತ್ತಿದ್ದ ಡೋಲಕ್ಕಿನವನಿದ್ದ. ನರಸೀಪುರದವನೇ, ನಮ್ಮಣ್ಣನ ವಾರಗೆಯವನು, ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು ಇಟ್ಟುಕೊಂಡಿದ್ದ. ಮೊದಲ ಎರಡು ದೇವರನಾಮಗಳನ್ನು ಅಣ್ಣನ ಹಾಗೆಯೇ ನುಡಿಸಿದೆ. ಯಾರೂ ತಿರುಗಿ ನೋಡಲಿಲ್ಲ. ಮೂರನೆಯದರಲ್ಲಿ ನನ್ನ ಎಡಗೈ ತಾನಾಗಿ ಎದ್ದು ಒಂದು ಕಡೆ ಹೋಯಿತು, ಹೋದದ್ದು ಚೆನ್ನಾಗಿತ್ತು, ಇನ್ನೂ ಸ್ವಲ್ಪ ಹೋದೆ. ಆಮೇಲೆ ನೋಡಿದರೆ ವಾಪಸು ಬರುವ ದಾರಿ ಕಾಣಲಿಲ್ಲ. ಹಾಡು ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಉಳಿದಿತ್ತು, ನಾನು ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದವಳ ಹಾಗೆ ನಿಂತಿದ್ದೆ. ಗಾಬರಿಯಲ್ಲಿ ಒಂದು ಅಡ್ಡ ಸ್ವರ ಹೊಡೆದೆ. ಅದು ಸ್ಪೀಕರಿನಲ್ಲಿ ಇಡೀ ಮಂಟಪಕ್ಕೆ ಕೇಳಿಸಿತು.

ಮುಯ್ಯಿಯ ಸಾಲು ನಿಂತಿತು. ಮದುಮಗಳು ಕತ್ತು ಹೊರಳಿಸಿ ನೋಡಿದಳು. ಊಟದ ಹಾಲಿನಿಂದ ಬಡಿಸುವವನೊಬ್ಬ ಸಾರಿನ ಬಕೆಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದ. ನಾನು ಕಣ್ಣು ಮುಚ್ಚಿ ಅದೇ ಸ್ವರವನ್ನು ಮತ್ತೆ ಹೊಡೆದೆ, ಮತ್ತಷ್ಟು ಜೋರಾಗಿ. ಡೋಲಕ್ಕಿನವನು ಬೆಚ್ಚಿಬಿದ್ದು ಕೈ ಬಿರುಸು ಮಾಡಿದ. ಮೂರನೆಯ ಸಲ ಹೊಡೆದಾಗ ದಾರಿ ಕಾಣಿಸಿತು, ಏದುಸಿರು ಬಿಡುತ್ತ ಹಾಡಿಗೆ ಬಂದು ಸೇರಿಕೊಂಡೆ. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ಬಂದು, "ಏನವ್ವ, ಕರೆಂಟ್ ಗಿರೆಂಟ್ ಹೊಡೀತಾ?" ಎಂದು ಕಾಳಜಿಯಿಂದ ಕೇಳಿದರು.

ಅಷ್ಟು ಹೆದರಿಕೆ, ಅಷ್ಟು ಸಂತೋಷ ನನಗೆ ಅದುವರೆಗೆ ಒಟ್ಟಿಗೆ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಕೀಬೋರ್ಡ್ ಹೊತ್ತು ತಂದ ಡೋಲಕ್ಕಿನವನು, "ನಿಮ್ಮಣ್ಣಾರ ಜತೆ ವರ್ಸಾನುಗಟ್ಲೆಯಿಂದ ಬಾರುಸ್ತಾವ್ನಿ. ನನ್ ಕೈ ಒಂದ್ ದಿನನೂ ಬೆವ್ತಿರ್ನಿಲ್ಲ. ಇವತ್ ಬೆವ್ತೋಯ್ತು ಕಣವ್ವ" ಎಂದ. ಬೈದನೋ ಹೊಗಳಿದನೋ ಎಂದು ಅವ್ವ ದಾರಿಯುದ್ದಕ್ಕೂ ಯೋಚಿಸಿದಳು.

ಮಂಟಪದ ಮ್ಯಾನೇಜರಿಗೆ ಅಂಥ ಅನುಮಾನಗಳಿರಲಿಲ್ಲ. ಅವರು ಅಣ್ಣನ ಕಾರ್ಖಾನೆಗೇ ಫೋನು ಮಾಡಿ, "ನಿಮ್ ತಂಗೀನ ಮಾತ್ರ ಕಳುಸ್ಬ್ಯಾಡಿ ಸಾ. ಜನ ಊಟ ಬುಟ್ಟು ಬಂದು ನಿಂತ್ಕತಾರೆ. ಪಂಕ್ತಿ ತಡ ಆಯ್ತದೆ" ಎಂದರು. ಜನ ಕೇಳಿದರು ಎಂಬುದು ಸಂಗೀತಗಾರರ ಮೇಲಿನ ದೂರಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅಣ್ಣ ಮನೆಗೆ ಬಂದು ಕೀಬೋರ್ಡಿಗೆ ಬಟ್ಟೆ ಹೊದಿಸಿದ.

"ಕೇಳುವವರ ಕುತ್ತಿಗೆ ಪಟ್ಟಿ ಹಿಡಿದು ಎಳೆಯೋದು ಅಸಹ್ಯ ಕಣೆ. ನಿನಗೆ ಕೈ ಇದೆ, ಅಭಿರುಚಿ ಇಲ್ಲ. ಅದು ಬರೋವರೆಗೆ ಮನೇಲೇ ನುಡಿಸು" ಎಂದ.

ನನಗೆ ಕೆನ್ನೆಗೆ ಹೊಡೆದಷ್ಟು ನೋವಾಯಿತು. ಅಣ್ಣನ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳುವುದು ಆಗ ನನಗೆ ಪರೀಕ್ಷೆ ಪಾಸಾಗುವುದಕ್ಕಿಂತ ದೊಡ್ಡದಾಗಿತ್ತು. ಜಾಝ್ ಬಲ್ಲವರು ಇಡೀ ತಾಲ್ಲೂಕಿನಲ್ಲಿ ನಾವಿಬ್ಬರೇ. ಅವನೂ ಒಪ್ಪದಿದ್ದರೆ ಮತ್ತೆ ಯಾರನ್ನು ಒಪ್ಪಿಸುವುದು? ಆದರೂ ಅವನು ಕೆಲಸಕ್ಕೆ ಹೋದ ಮೇಲೆ ಬಟ್ಟೆ ಸರಿಸಿ ಹಸಿರು ಕ್ಯಾಸೆಟ್ಟಿನ ಹಿಂದೆ ಓಡುವುದನ್ನು ಬಿಡಲಿಲ್ಲ.

ಹೀಗಿರುವಾಗ ನರಸೀಪುರದಿಂದಲೇ ನನಗೊಂದು ಸಂಬಂಧ ಬಂತು. ಬೀಜ ಗೊಬ್ಬರದ ಅಂಗಡಿಯವರು, ನಮ್ಮ ಹಾಗೆಯೇ ಮಠಕ್ಕೆ ನಡೆದುಕೊಳ್ಳುವ ಮನೆತನ. ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ ವಾಡಿಕೆಯಂತೆ ಹುಡುಗಿಗೆ ಏನು ಬರುತ್ತದೆಂದು ಕೇಳಿದರು. ಅಣ್ಣ ಕೀಬೋರ್ಡನ್ನು ಹೊರತಂದಿಟ್ಟು ನನ್ನ ಕಿವಿಯಲ್ಲಿ, "ಒಂದೇ ದೇವರನಾಮ. ದಮ್ಮಯ್ಯ, ಎಡಗೈ ಬೇಡ" ಎಂದ. ಹುಡುಗ ನೋಡಲು ಚೆನ್ನಾಗಿದ್ದರು, ಕಣ್ಣಿನಲ್ಲಿ ನಗು ಇತ್ತು. ನಾನು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಿಳಿ ಕ್ಯಾಸೆಟ್ಟಿನವಳಾದೆ.

ಅತ್ತೆಯಾಗುವವರು ಕೇಳಿ ಮುಗಿಸಿ, "ಇಷ್ಟೇನಾ? ಇಷ್ಟಾದ್ರೆ ಏನೂ ಪರ್ವಾಗಿಲ್ಲ ಬುಡಿ. ನಮ್ಮನೆ ಮಿಕ್ಸಿ ಸದ್ದೇ ಇದ್ಕಿಂತ ಜೋರು. ಬರುವಾಗ ಇದ್ನೂ ತಕ್ಕೊಂಡೇ ಬರ್ಲಿ" ಎಂದರು.

ಎಲ್ಲರೂ ನಕ್ಕರು. ಸಂಬಂಧ ಗಟ್ಟಿಯಾಯಿತು. ನಾನು ಒಳಗೆ ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಕೀಬೋರ್ಡು ನನ್ನ ಜೊತೆ ಬರುತ್ತದೆ, ಆದರೆ ಬದುಕಿಡೀ ಮಿಕ್ಸಿಗಿಂತ ಸಣ್ಣ ಸದ್ದಿನಲ್ಲಿ ನುಡಿಸಬೇಕು. ಅವರಿಗೆ ಒಪ್ಪಿಗೆಯಾದದ್ದು ನಾನಲ್ಲ, ಎಡಗೈ ಇಲ್ಲದ ಇನ್ನೊಬ್ಬಳು ಅನ್ನಿಸಿತು. ಅಣ್ಣನಿಗೆ ಹೇಳಿದೆ. "ಹಾಗೇ ನುಡಿಸಿಕೊಂಡು ಹೋಗು, ಸುಖವಾಗಿರ್ತೀಯ" ಎಂದ. ಅವನು ನಿಜವಾಗಿ ನಂಬಿದ್ದನ್ನೇ ಹೇಳಿದ್ದು, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಶ್ರಾವಣದಲ್ಲಿ, ನಂಜನಗೂಡಿನಲ್ಲೇ, ನಮ್ಮ ಮದುವೆ. ಆಷಾಢದಿಂದ ಮಳೆ ಹಿಡಿದಿತ್ತು. ಮುಹೂರ್ತದ ದಿನ ಬೆಳಗ್ಗೆ ಏಳುವಷ್ಟರಲ್ಲಿ ಕಪಿಲೆ ದಡ ಮೀರಿ ಮೈಸೂರು ರಸ್ತೆಯ ಮೇಲೆ ನೀರು ನಿಂತಿತ್ತು. ಗಂಡಿನ ಕಡೆಯವರು ಹಿಂದಿನ ದಿನವೇ ಬಂದಿದ್ದರಿಂದ ಬಚಾವು. ಮೈಸೂರಿನಿಂದ ಬರಬೇಕಿದ್ದ ಓಲಗದವರ ವ್ಯಾನು ಮಾತ್ರ ನೀರಿನ ಆಚೆ ನಿಂತಿತು.

ಓಲಗವಿಲ್ಲದೆ ಮದುವೆ ಹೇಗೆ? ಉಳಿದದ್ದಕ್ಕೆಲ್ಲ ಕ್ಯಾಸೆಟ್ಟು ಹಾಕಬಹುದು, ಗಟ್ಟಿಮೇಳಕ್ಕೆ ಆಗುವುದಿಲ್ಲ. ಗಂಡು ತಾಳಿ ಹಿಡಿದು ಕೈ ಚಾಚುವ ಹೊತ್ತಿಗೆ ಪೂಜೆ ಮಾಡಿಸುವ ಅಯ್ಯನವರು ಬೆರಳೆತ್ತಿ "ಗಟ್ಟಿಮೇಳ" ಎಂದು ಕೂಗುತ್ತಾರೆ. ಆ ಕ್ಷಣಕ್ಕೆ ಸರಿಯಾಗಿ ಡೋಲು, ನಾದಸ್ವರ ಎರಡೂ ಮಂಟಪ ಹಾರಿಹೋಗುವ ಹಾಗೆ ಮೊಳಗಬೇಕು. ಅದು ಕೇಳಿ ಆನಂದಪಡುವ ಸಂಗೀತವಲ್ಲ. ತಾಳಿ ಬೀಳುವಾಗ ಯಾರೋ ಕೆಮ್ಮಿದ್ದು, ಸೀನಿದ್ದು, ಅಶುಭ ನುಡಿದದ್ದು ಯಾರ ಕಿವಿಗೂ ಬೀಳದಂತೆ ಮುಳುಗಿಸುವುದಕ್ಕೆ ಇರುವ ಸದ್ದು. ಅಪ್ಪ ತಲೆ ಮೇಲೆ ಕೈ ಹೊತ್ತು ಕುಳಿತರು. ಅಣ್ಣ ಅವರ ಮುಂದೆ ನಿಂತು ಜುಬ್ಬದ ತೋಳು ಸರಿಮಾಡಿಕೊಂಡು, "ನಾನಿದ್ದೀನಲ್ಲ" ಎಂದ.

ಹಿಂದಿನ ಸಂಜೆ ಅವನೇ ನುಡಿಸಿದ್ದ ಕೀಬೋರ್ಡು, ಸ್ಪೀಕರು ಅಲ್ಲೇ ಇದ್ದವು. ಡೋಲಕ್ಕಿನವನೂ ಮಳೆಗೆ ಸಿಕ್ಕಿ ಮಂಟಪದಲ್ಲೇ ಉಳಿದಿದ್ದ. ಹಸೆಮಣೆಯ ಮೇಲೆ ಕುಳಿತು ಇದನ್ನು ಕೇಳಿದ ನನಗೆ ದಿಗಿಲಾಯಿತು. ಅಣ್ಣನನ್ನು ನನ್ನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಮುಹೂರ್ತ ಬಂತು. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ ಸಿದ್ಧವಾಗಿತ್ತು. ನನ್ನವರು ತಾಳಿ ಹಿಡಿದು ನನ್ನ ಕುತ್ತಿಗೆಯ ಬಳಿ ಕೈ ತಂದರು. ಅಯ್ಯನವರು ಬೆರಳೆತ್ತಿ ಆಡಿಸಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದರು. ಅಣ್ಣ ಒಂದು ಸುಂದರವಾದ ಸ್ವರಗುಚ್ಛ ನುಡಿಸಿದ. ಡೋಲಕ್ಕಿನವನು ಕೈ ಎತ್ತಿದ. ಅಣ್ಣ ಕಣ್ಣಿನಲ್ಲೇ ಅವನನ್ನು ತಡೆದು, ಅಭ್ಯಾಸಬಲದಿಂದ ಒಂದು ಉಸಿರಿನಷ್ಟು ಜಾಗ ಬಿಟ್ಟ.

ಆ ಜಾಗದಲ್ಲಿ ಗಂಡಿನ ದೊಡ್ಡಪ್ಪ ಸೀನಿದರು.

ಸೀನು ಒಂದೇ ಒಂದು, ಮಂಟಪದ ಮೂಲೆಮೂಲೆಗೂ ಕೇಳುವಷ್ಟು ಸ್ಪಷ್ಟವಾಗಿತ್ತು. ಅಯ್ಯನವರ ಮೈಕು ಹತ್ತಿರದಲ್ಲೇ ಇದ್ದದ್ದರಿಂದ ಹೊರಗೆ ಚಪ್ಪಲಿ ಕಾಯುವವನಿಗೂ ಕೇಳಿಸಿತಂತೆ.

"ತಡೀಲಾ ಮಗಾ! ಕಟ್ಬ್ಯಾಡ!" ಎಂದು ಅತ್ತೆ ಕೂಗಿದರು. ನನ್ನವರ ಕೈ ಗಾಳಿಯಲ್ಲೇ ನಿಂತಿತು. ಒಂಟಿ ಸೀನು ಕೆಡುಕು, ಜೋಡಿ ಸೀನಾದರೆ ದೋಷವಿಲ್ಲ ಎನ್ನುವುದು ಎರಡೂ ಕಡೆಯವರಿಗೆ ಗೊತ್ತಿದ್ದ ಸಂಗತಿ. ಹೀಗಾಗಿ ಎಲ್ಲರೂ ದೊಡ್ಡಪ್ಪನ ಸುತ್ತ ಸೇರಿ ಇನ್ನೊಂದು ಸೀನು ಸೀನುವಂತೆ ಬೇಡಿಕೊಳ್ಳತೊಡಗಿದರು. "ಸೀನು ದೊಡ್ಡಪ್ಪ, ಒಂದೇ ಒಂದು" ಎಂದು ಹೆಂಗಸರು. ಅವರು ಮೂಗು ಅಗಲಿಸಿ, ದೀಪದ ಕಡೆ ನೋಡಿ, ಪಾಪ, ತಮ್ಮಿಂದಾದಷ್ಟು ಪ್ರಯತ್ನ ಮಾಡಿದರು. ಬರಲಿಲ್ಲ. ಯಾರೋ ನಶ್ಯದ ಡಬ್ಬಿ ತಂದು ಚಿಟಿಕೆ ತುಂಬ ಏರಿಸಿದರು. ಅಯ್ಯನವರು ವಾಚು ನೋಡಿಕೊಂಡು "ಹೊತ್ತು ಮೀರ್ತಾ ಅದೆ" ಎಂದರು. ಅತ್ತೆಯ ಮುಖ ಗಂಟಿಕ್ಕಿತ್ತು. "ಈ ಮುಹೂರ್ತ ಬುಟ್ಬುಡಿ, ಇನ್ನೊಂದ್ ದಿನ ನೋಡನ" ಎಂದು ಗಂಡಿನ ಕಡೆಯ ಒಬ್ಬರು ಅಂದೇಬಿಟ್ಟರು. ಅವ್ವ ಕಂಬ ಹಿಡಿದು ನಿಂತುಬಿಟ್ಟಳು. ಇನ್ನೊಂದು ದಿನ ಎಂದರೆ ಏನೆಂದು ಹೆಣ್ಣು ಹೆತ್ತವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಣ್ಣ ಕೀಬೋರ್ಡಿನ ಮೇಲೆ ಕೈ ಇಟ್ಟವನು ಇಟ್ಟ ಹಾಗೇ ಇದ್ದ. "ಜೋರಾಗಿ ಬಾರುಸ್ಲಾ!" ಎಂದು ಅಪ್ಪ ಕೂಗಿದರು. ಅಣ್ಣನ ಬೆರಳು ಏಳಲಿಲ್ಲ. ಅವನ ಮುಖದಲ್ಲಿ ಮೊಟ್ಟಮೊದಲ ಬಾರಿಗೆ ನಾನು ಹೆದರಿಕೆ ಕಂಡೆ. ಕೆಟ್ಟದಾಗಿ ನುಡಿಸುವುದು ಹೇಗೆಂದು ಅವನು ಕಲಿತೇ ಇರಲಿಲ್ಲ.

ತಾಳಿ ಬೀಳುವವರೆಗೆ ಹಸೆಮಣೆ ಬಿಟ್ಟು ಏಳುವಂತಿಲ್ಲ. ನಾನು ನನ್ನವರ ಕಡೆ ನೋಡಿದೆ. ಅವರು ತಾಳಿ ಹಿಡಿದುಕೊಂಡೇ ನನಗೆ ಮಾತ್ರ ಕೇಳುವ ಹಾಗೆ, "ಏನಾರ ಮಾಡು" ಎಂದರು. ಅದು ಅವರು ನನಗೆ ಆಡಿದ ಮೊದಲ ಮಾತು.

"ಅಣ್ಣೋ, ಅದನ್ನ ಇಲ್ಲಿಗೆ ಎಳ್ಕೊಂಡು ಬನ್ನಿ!" ಎಂದು ಡೋಲಕ್ಕಿನವನಿಗೆ ಕೂಗಿದೆ.

ಅವನು ಎರಡನೆಯ ಮಾತು ಕೇಳಲಿಲ್ಲ. ನಮ್ಮಣ್ಣನ ಕೈಕೆಳಗಿನಿಂದ ಕೀಬೋರ್ಡನ್ನು ಟೇಬಲ್ ಸಮೇತ ಎಳೆದು, ರಂಗೋಲಿ ತುಳಿದು, ವೈರು ಸಾಕಾಗುವಷ್ಟು ದೂರಕ್ಕೆ ತಂದು ನನ್ನ ಮುಂದೆ ನಿಲ್ಲಿಸಿದ. ಕಂಕಣ ಕಟ್ಟಿದ, ಅರಿಶಿನ ಮೆತ್ತಿದ ಎರಡೂ ಕೈಗಳನ್ನು ಅದರ ಮೇಲೆ ಹೇರಿದೆ. ಯಾವ ಹಾಡು ಎಂದು ಯಾರಾದರೂ ಕೇಳಿದ್ದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಎಡಗೈ ಹೊರಟಲ್ಲಿಗೆ ಬಲಗೈ ಓಡಿತು. ಅಡ್ಡ ಸ್ವರವೊಂದು ಬಿತ್ತು. ಅದನ್ನೇ ಮತ್ತೆ ಹೊಡೆದೆ, ಮತ್ತೆ ಹೊಡೆದೆ. ಸ್ಪೀಕರು ಗೊರಗೊರ ಎಂದಿತು. ಡೋಲಕ್ಕಿನವನು ಇಷ್ಟು ವರ್ಷ ಅದುಮಿಟ್ಟದ್ದನ್ನೆಲ್ಲ ಆ ಚರ್ಮದ ಮೇಲೆ ತೀರಿಸಿಕೊಂಡ. ನಾನು ಗುರುಗುಟ್ಟುತ್ತಿದ್ದೆ ಎಂದು ಆಮೇಲೆ ವೀಡಿಯೋ ನೋಡಿದವರು ಹೇಳಿದರು. ನನ್ನವರು ನಗುತ್ತ ಗಂಟು ಹಾಕಿದರು. ಅಕ್ಷತೆ ಕೀಬೋರ್ಡಿನ ಸಂದುಗಳಿಗೆಲ್ಲ ಬಿತ್ತು.

ಅಷ್ಟರಲ್ಲಿ ನಶ್ಯ ಕೆಲಸ ಮಾಡತೊಡಗಿತ್ತು. ದೊಡ್ಡಪ್ಪ ಸೀನುವುದು ಕಾಣುತ್ತಿತ್ತು. ತಲೆ ಹಿಂದಕ್ಕೆ ಹೋಗುತ್ತಿತ್ತು, ಮುಂದಕ್ಕೆ ಬೀಳುತ್ತಿತ್ತು, ಟವೆಲ್ಲು ಮೂಗಿಗೆ ಹೋಗುತ್ತಿತ್ತು. ಸದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ. ಜೋಡಿಯೋ ಒಂಟಿಯೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ.

"ಇಂಥ ಗಟ್ಟಿಮೇಳ ನನ್ ಜಲ್ಮದಲ್ಲೇ ಕೇಳಿರ್ನಿಲ್ಲ ಕಣವ್ವ. ಗುಡುಗು ಒಡುದ್ರೂ ಕೇಳುಸ್ತಿರ್ನಿಲ್ಲ" ಎಂದು ಅತ್ತೆ ನನ್ನ ಗದ್ದ ಹಿಡಿದು ಮುದ್ದಾಡಿದರು. ಮಿಕ್ಸಿಯ ಮಾತು ಅವರಿಗೆ ಮರೆತೇಹೋಗಿತ್ತು. ರಸ್ತೆಯ ನೀರು ಇಳಿದ ಮೇಲೆ ಕೀಬೋರ್ಡು ಮೆಟಡಾರಿನಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ, ರೇಷ್ಮೆ ಸೀರೆ ಸುತ್ತಿಕೊಂಡು ನರಸೀಪುರಕ್ಕೆ ಬಂತು. ಅಣ್ಣ ಕಳಿಸಲು ಬಂದವನು ನನ್ನ ತಲೆ ಮುಟ್ಟಿದ.

ನಾನು ಗೆದ್ದೆ ಎಂದುಕೊಂಡೆ. ಗೆದ್ದದ್ದು ನಿಜವೇ. ಗಂಡನ ಮನೆಯ ಬಳಗ ದೊಡ್ಡದು, ತಲಕಾಡಿನಿಂದ ಸೋಮನಾಥಪುರದವರೆಗೆ ಹರಡಿದೆ. ಅವರಲ್ಲಿ ಎಲ್ಲಿ ಮದುವೆಯಾದರೂ ಓಲಗದವರ ಜೊತೆಗೆ ನನ್ನ ಕೀಬೋರ್ಡೂ ಇರಲೇಬೇಕೆಂದಾಯಿತು. ಡೋಲಕ್ಕಿನವನು ಸೈಕಲ್ ಶಾಪಿಗೆ ಬೀಗ ಹಾಕಿ ಬರುತ್ತಿದ್ದ. ಅಯ್ಯನವರು ಬೆರಳೆತ್ತಿದರೆ ನಾನು ಎರಡು ಕೈಯಲ್ಲೂ ಸುರುಮಾಡುತ್ತಿದ್ದೆ. ಪಕ್ಕದಲ್ಲಿ ನಾದಸ್ವರದವರು ನನ್ನನ್ನು ಕೊಲ್ಲುವ ಹಾಗೆ ನೋಡುತ್ತಿದ್ದರು. ಪರದೇಶದ ಆ ಗುರುಗುಟ್ಟುವ ಮಹಾಶಯನ ವಿದ್ಯೆ ಕಾವೇರಿ ದಂಡೆಯಲ್ಲಿ ಶಾಸ್ತ್ರದ ಒಂದು ಭಾಗವಾಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಾರ.

ಆದರೆ ಶಾಸ್ತ್ರ ಎಂದ ಮೇಲೆ ಅದಕ್ಕೊಂದು ಕ್ರಮ ಬಂದುಬಿಡುತ್ತದೆ. ನನ್ನ ಮದುವೆಯ ವೀಡಿಯೋವನ್ನು ನಮ್ಮ ಬಳಗದವರೆಲ್ಲ ಎಷ್ಟು ಸಲ ನೋಡಿದ್ದರೆಂದರೆ ಆ ಅಡ್ಡ ಸ್ವರ ಎಲ್ಲಿ ಬೀಳುತ್ತದೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಜಾಗದಲ್ಲಿ, ಅಷ್ಟೇ ಸಲ, ಅದೇ ತಪ್ಪು ಬೀಳಬೇಕು. ಒಮ್ಮೆ ತಲಕಾಡಿನ ಕಡೆಯ ಮದುವೆಯಲ್ಲಿ ಬೇಸರವಾಗಿ ಬೇರೊಂದು ದಾರಿ ಹಿಡಿದೆ. ಅಡ್ಡ ಸ್ವರವೇ ಬರಲಿಲ್ಲ. ಮದುಮಗಳ ತಾಯಿಯ ಮುಖ ಸಪ್ಪಗಾಯಿತು. ಧಾರೆಯೆಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕಬ್ಯಾಡವ್ವ, ಆ ಅಡ್ಡ ಸ್ವರ ಬಂದ್ರೇನೇ ನಮ್ಗೆ ಸಮಾಧಾನ. ಇನ್ನೊಂದ್ಸಲ ಸರಿಯಾಗ್ ಬಾರ್ಸ್ಬುಡು" ಎಂದರು. ನಾನು ಮತ್ತೆ ಕುಳಿತು, ತಪ್ಪನ್ನು ಸರಿಯಾಗಿ ಬಾರಿಸಿದೆ. ಅಲ್ಲಿಂದ ಮುಂದೆ ದಾರಿ ಬದಲಿಸುವ ಗೋಜಿಗೆ ಹೋಗಲಿಲ್ಲ. ಮಗುವಾಯಿತು, ಅಂಗಡಿಯ ಕೆಲಸಕ್ಕೆ ಕೈ ಜೋಡಿಸಿದೆ, ಟೇಪ್ ರೆಕಾರ್ಡರು ಕೆಟ್ಟಿತು. ಮನೆಯಲ್ಲಿ ನುಡಿಸುವುದು ನಿಂತೇಹೋಯಿತು. ಗಟ್ಟಿಮೇಳ ಮಾತ್ರ ಕೈಯಲ್ಲಿ ಉಳಿಯಿತು, ಅದಕ್ಕೆ ಅಭ್ಯಾಸವೂ ಬೇಕಿರಲಿಲ್ಲ.

ಅಣ್ಣನಿಗೆ ಆರತಕ್ಷತೆಗಳು ತಪ್ಪಿಹೋದವು. ನಂಜನಗೂಡು ಪೇಟೆಯಲ್ಲಿ ಅವನು "ಗಟ್ಟಿಮೇಳ ನಿಲ್ಲಿಸಿದವನು" ಆಗಿದ್ದ. ಅವನು ಅಂಗಡಿಗೆ ಹೋದರೆ ಯಾರಾದರೊಬ್ಬರು ಬೇಕೆಂದೇ ಸೀನಿ ನಗುತ್ತಿದ್ದರಂತೆ. ಅಪ್ಪ ಇದನ್ನು ಹೇಳಿದಾಗ ನನಗೆ ಸೀನಿದವರನ್ನೆಲ್ಲ ಹಿಡಿದು ಬಡಿಯುವಷ್ಟು ಕೋಪ ಬಂತು. ಅಣ್ಣ ಮಾತ್ರ ಖಾದಿ ಜುಬ್ಬ ತೊಟ್ಟು ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಸಂಗೀತದ ಮಾತೆತ್ತುತ್ತಿರಲಿಲ್ಲ. ಇನ್ನೊಂದು ಕೀಬೋರ್ಡು ತಂದಿದ್ದಾನೆಂದು ಅತ್ತಿಗೆಯಿಂದ ತಿಳಿಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಭಾವನವರ ಮಗಳ ಮದುವೆ ನರಸೀಪುರದಲ್ಲಾಯಿತು. ಅಣ್ಣ, ಅತ್ತಿಗೆ ಬಂದಿದ್ದರು. ಅಣ್ಣನ ಕೂದಲು ಬೆಳ್ಳಗಾಗಿತ್ತು. ಅವನು ನನ್ನ ಗಟ್ಟಿಮೇಳದ ಹೊತ್ತಿಗೆ ಯಾವಾಗಲೂ ಕೈ ತೊಳೆಯಲು ಎದ್ದು ಹೋಗುತ್ತಿದ್ದವನು, ಆ ದಿನ ಮುಂದಿನ ಸಾಲಿನಲ್ಲೇ ಕುಳಿತ. ಅಯ್ಯನವರು ಬೆರಳೆತ್ತಿದರು. ನಾನು ನುಡಿಸಿದೆ. ಅಡ್ಡ ಸ್ವರ ಅದರ ಜಾಗದಲ್ಲಿ ಬಿತ್ತು, ಮತ್ತೆ ಬಿತ್ತು, ಮತ್ತೆ ಬಿತ್ತು. ಬಳಗದವರು ನೆಮ್ಮದಿಯಿಂದ ಅಕ್ಷತೆ ಎರಚಿದರು.

ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಅಣ್ಣ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಎಷ್ಟು ಅಚ್ಚುಕಟ್ಟಾಗಿ ನುಡಿಸಿದೆ ಕಣೆ. ಎಲ್ಲೂ ಒಂದು ಕೂದಲೆಳೆ ಆಚೆ ಈಚೆ ಇಲ್ಲ. ನಿನ್ನ ಕೈಗೆ ಈಗ ಒಳ್ಳೆ ಅಭಿರುಚಿ ಬಂದಿದೆ" ಎಂದ.

ವ್ಯಂಗ್ಯ ನಮ್ಮಣ್ಣನಿಗೆ ಬರುವುದಿಲ್ಲ. ಅವನ ಕಣ್ಣಿನಲ್ಲಿ ನಿಜವಾದ ಸಂತೋಷವಿತ್ತು. ಯಾವ ಒಂದು ಮಾತಿಗಾಗಿ ಹುಡುಗಿಯಾಗಿದ್ದಾಗ ನಾನು ಹಂಬಲಿಸಿದ್ದೆನೋ ಅದನ್ನು ಅವನು ಕೊನೆಗೂ ಕೊಟ್ಟಿದ್ದ. ಬಾಯಲ್ಲಿದ್ದ ಅಡಿಕೆ ಅಗಿಯಲಾಗಲಿಲ್ಲ. ಏನಾದರೂ ಹೇಳಬೇಕೆಂದು, "ನೀನೂ ನುಡಿಸ್ತೀಯಂತೆ, ಅತ್ತಿಗೆ ಹೇಳಿದ್ರು" ಎಂದೆ.

ಅಣ್ಣ ಅತ್ತಿತ್ತ ನೋಡಿದ. ಯಾರೂ ಹತ್ತಿರ ಇಲ್ಲವೆಂದು ಖಚಿತವಾದ ಮೇಲೆ ದನಿ ತಗ್ಗಿಸಿದ. "ಯಾರಿಗೂ ಹೇಳಬೇಡ. ಬಾಗಿಲು ಹಾಕ್ಕೊಂಡು ನುಡಿಸ್ತೀನಿ. ತುಂಬ ಕೆಟ್ಟದಾಗಿ ನುಡಿಸ್ತೀನಿ ಕಣೆ."

"ಎಷ್ಟು ಕೆಟ್ಟದಾಗಿ?"

"ಹೋದರೆ ವಾಪಸ್ ಬರೋಕೇ ಆಗಲ್ಲ. ಒಂದೊಂದ್ಸಲ ಹಾಡು ಯಾವುದು ಅನ್ನೋದೇ ಮರೆತುಹೋಗುತ್ತೆ. ಸುಮ್ನೆ ಅಲ್ಲೇ ಎಲ್ಲೋ ಬಿಟ್ಟು ಎದ್ದುಬಿಡ್ತೀನಿ." ಹೇಳುತ್ತ ಹೇಳುತ್ತ ಅವನ ಮುಖ ಕೆಂಪಾಯಿತು. "ಹೇಗೂ ಪೇಟೇಲಿ ಮಾನ ಹೋಗಿದೆಯಲ್ಲ. ಇನ್ನೇನು ಹೋಗಬೇಕು?"

ಓರಗಿತ್ತಿಯರ ಒಡವೆ, ಸೀರೆ, ಮನೆ ಯಾವುದನ್ನು ಕಂಡೂ ನನಗೆ ಅಂಥ ಹೊಟ್ಟೆಕಿಚ್ಚು ಆದದ್ದಿಲ್ಲ. ಉತ್ತರ ಕೊಡುವಷ್ಟರಲ್ಲಿ ಗಂಡಿನ ಕಡೆಯ ಹೆಂಗಸೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. ಮುಂದಿನ ತಿಂಗಳು ಅವರ ಮಗನ ಮದುವೆಯಂತೆ, ನಾನು ತಪ್ಪದೆ ಬರಬೇಕಂತೆ. "ಇವತ್ ಬಾರ್ಸಿದ್ರಲ್ಲ, ಹಂಗೇ ಬಾರುಸ್ಬೇಕು ಕಣ್ರವ್ವ. ಒಂಚೂರೂ ಬದ್ಲಾಯಿಸ್ಬಾರ್ದು" ಎಂದರು.

"ಹಾಗೇ ಬಾರಿಸ್ತಾಳೆ" ಎಂದು ಅಣ್ಣ ಹೆಮ್ಮೆಯಿಂದ ನನ್ನ ಪರವಾಗಿ ಒಪ್ಪಿಕೊಂಡ.